ಪರ, ವಿರೋಧ ಮತ್ತು ಓರಗಿತ್ತಿ

ಬೆಳಿಗ್ಗೆ ಏಳೂವರೆಗೆ ಐದು ನಿಮಿಷ ಇರುವಾಗ ಫೋನಮ್ಮ ತಲೆಗೆ ಹೆಡ್‌ಫೋನ್ ಏರಿಸುತ್ತಾಳೆ. ಎಡಗಿವಿಯನ್ನಷ್ಟೇ ಮುಚ್ಚಿಕೊಳ್ಳುತ್ತಾಳೆ. ಏಳೂವರೆಯಿಂದ ಒಂಬತ್ತರವರೆಗೆ ಸಿಟ್ಟಿಗೆದ್ದ ದೇಶವೆಲ್ಲ ಆ ಕಿವಿಯೊಳಗಿಂದಲೇ ಹಾದುಹೋಗಬೇಕು. ಬಲಗಿವಿ ಖಾಲಿ. ಅದು ಆಫೀಸಿನವರ ಬೈಗುಳಕ್ಕೆ ಮೀಸಲು.

ರೇಡಿಯೋ ಕಟ್ಟಡದ ಮೂರನೇ ಮಹಡಿಯಲ್ಲಿ, ಗಾಜಿನ ಗೋಡೆಯ ಈಚೆಗೆ ಆಕೆಯ ಮೇಜು. ಆಚೆಗೆ ಮೈಕಿನ ಮುಂದೆ ‘ಬೆಳಗಿನ ಚರ್ಚೆ’ಯ ನಿರೂಪಕ. ಅವನ ದನಿ ಎಂಥದೆಂದರೆ ಹಾಲಿನ ಬೆಲೆ ಹೇಳಿದರೂ ಯುದ್ಧ ಸಾರಿದ ಹಾಗೆ ಕೇಳುತ್ತದೆ. ಆಫೀಸಿನಲ್ಲಿ ಅವನನ್ನು ‘ಗಂಟಲು’ ಅಂತಲೇ ಕರೆಯುತ್ತಾರೆ. ಸಂಸತ್ತಿನಲ್ಲಿ ಯಾವ ಮಸೂದೆ ಬಂದಿದೆ, ಯಾವುದು ಯಾವ ಸಮಿತಿಯಲ್ಲಿ ಕೂತಿದೆ, ಯಾವ ಮಂತ್ರಿ ನಿನ್ನೆ ಏನಂದ ಎಂಬುದೆಲ್ಲ ಅಲ್ಲಿ ಚರ್ಚೆಗೆ ಬರುತ್ತದೆ. ಜನ ಫೋನು ಮಾಡುತ್ತಾರೆ. ಗಂಟಲು ಅವರನ್ನು ಕೆಣಕುತ್ತಾನೆ, ಅರ್ಧಕ್ಕೇ ತಡೆಯುತ್ತಾನೆ, ಒಬ್ಬರ ಮೇಲೆ ಇನ್ನೊಬ್ಬರನ್ನು ಛೂ ಬಿಡುತ್ತಾನೆ. ಒಂಬತ್ತು ಗಂಟೆಗೆ ಎಲ್ಲರಿಗೂ ವಂದನೆ ಹೇಳಿ ಕಾಫಿಗೆ ಹೋಗುತ್ತಾನೆ.

ಆದರೆ ಗಂಟಲಿನವರೆಗೆ ಹೋಗಬೇಕಾದರೆ ಮೊದಲು ಫೋನಮ್ಮನನ್ನು ದಾಟಬೇಕು. ನಾಲ್ಕು ಲೈನು, ನಾಲ್ಕು ಪುಟ್ಟ ದೀಪ. ದೀಪ ಮಿನುಗಿದರೆ ಗುಂಡಿ ಒತ್ತಿ ಮೂರು ಪ್ರಶ್ನೆ ಕೇಳುತ್ತಾಳೆ: ಏನು ಕೆಲಸ ಮಾಡ್ತೀರಿ, ಎಲ್ಲಿಂದ ಮಾತಾಡ್ತಿದ್ದೀರಿ, ಮಸೂದೆಗೆ ಪರವೋ ವಿರೋಧವೋ. ಉತ್ತರ ಚೀಟಿಯಲ್ಲಿ ಬರೆದು, ಪರವಾದರೆ ಹಸಿರು ಟ್ರೇಗೆ, ವಿರೋಧವಾದರೆ ಕೆಂಪು ಟ್ರೇಗೆ ಹಾಕುತ್ತಾಳೆ. ಒಂದು ಹಸಿರು, ಒಂದು ಕೆಂಪು, ಮತ್ತೆ ಒಂದು ಹಸಿರು. ಆ ಸಾಲು ತಪ್ಪುವ ಹಾಗಿಲ್ಲ.

ಮೊದಲು ಹೀಗಿರಲಿಲ್ಲ. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಸಾಲಾಗಿ ಐದು ಜನ ಒಂದು ಮಸೂದೆಯನ್ನು ಉಗಿದರು. ಹತ್ತು ಗಂಟೆಗೆ ಮೇಲಿನಿಂದ ಫೋನು ಬಂತು. ಮೇಲಿನಿಂದ ಅಂದರೆ ಎಲ್ಲಿಂದ ಅಂತ ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮಾರನೇ ದಿನ ಮೇಜಿನ ಮೇಲೆ ಎರಡು ಟ್ರೇ ಬಂದು ಕೂತವು. ದೇಶದ ತಲೆಗಳನ್ನೆಲ್ಲ ಎರಡು ಪ್ಲಾಸ್ಟಿಕ್ ತಟ್ಟೆಯಲ್ಲಿ ಹಿಡಿಸಬಹುದು ಅಂತ ಅಂದುಕೊಂಡವರು ಯಾರೋ ಇದ್ದರು. ಅವರಿಗೆ ಅದರಿಂದ ಬಡ್ತಿಯೂ ಸಿಕ್ಕಿರಬೇಕು.

ಫೋನಮ್ಮ ಇದಕ್ಕೂ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಯಂತ್ರ ಬಂತು, ಎಕ್ಸ್‌ಚೇಂಜು ಮುಚ್ಚಿತು, ಆಕೆ ಇಲ್ಲಿಗೆ ಬಂದಳು. ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದ್ದಾಳೆ. ಮುಖ ನೆನಪಿಡುವುದು ಆಕೆಯ ಕೈಲಾಗದು. ಪಕ್ಕದ ಬೀದಿಯ ದರ್ಜಿ ಎದುರಿಗೆ ಬಂದರೂ ಮುಗುಳ್ನಕ್ಕು ಮುಂದೆ ಹೋಗುತ್ತಾಳೆ. ಆದರೆ ಉಸಿರು ಕೇಳಿ ಮನುಷ್ಯ ನಿಂತಿದ್ದಾನೋ ಕೂತಿದ್ದಾನೋ ಹೇಳಬಲ್ಲಳು. ಮಾತು ಶುರುವಾಗುವ ಮೊದಲೇ ಫೋನಿನ ಹಿಂದಿನ ಸದ್ದು ಕೇಳಿ, ಇದು ಬೇಕರಿ, ಇದು ಗ್ಯಾರೇಜು, ಇದು ಮೆಟ್ಟಿಲ ಮೇಲೆ ಹೆಂಡತಿಗೆ ಕಾಣದ ಹಾಗೆ ನಿಂತು ಮಾತಾಡುತ್ತಿರುವ ಪಿಂಚಣಿದಾರ ಎಂದು ಗುರುತು ಹಿಡಿಯುತ್ತಾಳೆ.

ಆ ಸೋಮವಾರ ಎರಡನೇ ಲೈನಿನಲ್ಲಿ ಬಂದ ಸದ್ದು ಆಕೆಗೆ ಹೊಸದು. ಮೊದಲು ‘ಚುಸ್’ ಅಂತ ನೀರು ಆವಿಯಾಗುವ ಸದ್ದು. ಆಮೇಲೆ ಭಾರದ ವಸ್ತುವೊಂದು ಬಟ್ಟೆಯ ಮೇಲೆ ಜಾರುವ ಸದ್ದು. ಆಮೇಲೆ ದನಿ.

“ಹಲೋ, ರೇಡಿಯೋನಾ? ನಾನು ಇಸ್ತ್ರಿ ಅಂಗಡಿಯಿಂದ.”

“ಹೇಳಿ. ಪರವೋ ವಿರೋಧವೋ?”

“ಯಾವುದಕ್ಕೆ?”

“ರೋಗಿ ಸುರಕ್ಷತಾ ಮಸೂದೆಗೆ, ಮತ್ತಿನ್ಯಾವುದಕ್ಕೆ? ಒಂದು ವಾರದಿಂದ ಅದೇ ತಾನೇ ನಡೀತಿರೋದು.”

“ಅದಕ್ಕೇ ಮಾಡಿದ್ದು. ನನಗೊಂದು ಪ್ರಶ್ನೆ ಇದೆ.”

“ಪ್ರಶ್ನೆ ಆಮೇಲೆ. ಮೊದಲು ಪರವೋ ವಿರೋಧವೋ ಹೇಳಿ.”

“ಅದು ಹೆಂಗಮ್ಮಾ ಹೇಳಲಿ? ಪ್ರಶ್ನೆಗೆ ಉತ್ತರ ಸಿಕ್ಕಿದ್ಮೇಲಲ್ವಾ ನಾನು ಪರವೋ ವಿರೋಧವೋ ಗೊತ್ತಾಗೋದು?”

ಫೋನಮ್ಮನ ಪೆನ್ನು ಚೀಟಿಯ ಮೇಲೆ ನಿಂತಿತು. ಟ್ರೇ ಬಂದ ಆರು ವರ್ಷದಲ್ಲಿ ಯಾರೂ ಹೀಗೆ ಅಂದಿರಲಿಲ್ಲ. ಮೂರನೇ ದೀಪ ಮಿನುಗುತ್ತಿತ್ತು. “ಯೋಚನೆ ಮಾಡಿ ನಾಳೆ ಮಾಡಿ” ಎಂದು ಲೈನು ಬಿಟ್ಟಳು. ಚೀಟಿ ಯಾವ ಟ್ರೇಗೂ ಸೇರದೆ ಆಕೆಯ ಕನ್ನಡಕದ ಡಬ್ಬಿಯ ಕೆಳಗೆ ಉಳಿಯಿತು.

ಮಸೂದೆಯ ಗಲಾಟೆ ಅಂದರೆ ಗಲಾಟೆ. ಎಲ್ಲೋ ಒಂದು ಆಸ್ಪತ್ರೆಯಲ್ಲಿ, ದಿಕ್ಕಿಲ್ಲದ ರೋಗಿಯೊಬ್ಬನಿಗೆ ಯಾರೋ ದಾರಿಹೋಕನ ಕೈಯಲ್ಲಿ ಸಹಿ ಹಾಕಿಸಿ ಮೂತ್ರಪಿಂಡ ತೆಗೆದಿದ್ದರಂತೆ. ಅದು ಬಯಲಾದ ಮೇಲೆ ಸರ್ಕಾರ ಅವಸರದಲ್ಲಿ ಮಸೂದೆ ತಂದಿತ್ತು. ಸರ್ಕಾರದವರು ತಾವು ಬಡವರ ಪ್ರಾಣ ಕಾಯುವವರು ಅಂದರು. ಎದುರಿನವರು ಇದು ದೊಡ್ಡ ಆಸ್ಪತ್ರೆಗಳಿಗೆ ಹಾಸಿದ ಮೆತ್ತೆ ಅಂದರು. ಕಟಿಂಗ್ ಶಾಪಿನ ಕುರ್ಚಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವನೂ ಬಾಯಿ ತೆರೆದ. ಎಲ್ಲರೂ ಎಲ್ಲವನ್ನೂ ಅಂದರು. ಓದಿದವರು ಮಾತ್ರ ಯಾರೂ ಇರಲಿಲ್ಲ.

ಮಂಗಳವಾರ ಮತ್ತೆ ‘ಚುಸ್’ ಕೇಳಿಸಿತು.

“ಯೋಚನೆ ಮಾಡಿದ್ರಾ?” ಅಂದಳು ಫೋನಮ್ಮ.

“ಮಾಡ್ದೆ. ಪ್ರಶ್ನೆ ಇನ್ನೂ ದೊಡ್ಡದಾಯ್ತು.”

ಫೋನಮ್ಮನಿಗೆ ನಗು ಬಂತು. ಕೆಲಸದ ಹೊತ್ತಿನಲ್ಲಿ ನಗುವ ಅಭ್ಯಾಸ ಇಲ್ಲದ್ದರಿಂದ ಅದು ಕೆಮ್ಮಿನ ಹಾಗೆ ಹೊರಬಿತ್ತು. “ಸರಿ, ಬೇಗ ಹೇಳಿ. ಏನದು?”

“ನಾವಿಬ್ರು ಓರಗಿತ್ತಿಯರು. ಅಣ್ಣ ತಮ್ಮಂದಿರನ್ನ ಮದುವೆ ಆಗಿದ್ವಿ. ಇಬ್ರೂ ಹೋಗಿಬಿಟ್ರು, ಮಕ್ಕಳಿಲ್ಲ. ಇಪ್ಪತ್ತೇಳು ವರ್ಷದಿಂದ ಒಂದೇ ಮನೆ, ಒಂದೇ ಅಂಗಡಿ. ಅವಳು ನೀರು ಚಿಮುಕಿಸಿ ಮಡಚ್ತಾಳೆ, ನಾನು ಉಜ್ತೀನಿ. ಈಗ ಅವಳ ಹೊಟ್ಟೇಲಿ ಗೆಡ್ಡೆ ಅಂದಿದ್ದಾರೆ. ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೇಲಿ ಎರಡು ತಿಂಗಳ ಮೇಲಿನ ದಿನ ಕೊಟ್ಟಿದ್ದಾರೆ. ಅಷ್ಟೊತ್ತಿಗೆ ಹೊಸ ಕಾನೂನು ಬಂದಿರುತ್ತೆ, ನಿನ್ನ ಸಹಿ ನಡೆಯಲ್ಲ, ಅವಳ ಕಡೆಯವರನ್ನ ಕರ್ಕೊಂಡು ಬಾ ಅಂತಾರೆ ಅಲ್ಲಿ ಕೂತಿರೋ ಗುಮಾಸ್ತರು. ಅವಳ ಕಡೆಯವನು ಅಂತ ಇರೋದು ಒಬ್ಬ ತಮ್ಮ. ಎಲ್ಲಿದ್ದಾನೆ, ಇದ್ದಾನೋ ಇಲ್ವೋ, ದೇವರಿಗೇ ಗೊತ್ತು. ನನ್ನ ಪ್ರಶ್ನೆ ಇಷ್ಟೇ ಅಮ್ಮಾ. ಆ ಕಾನೂನಿನ ಪ್ರಕಾರ ನಾನು ಅವಳಿಗೆ ಯಾರು?”

“ಫೋನಮ್ಮಾ!” ಬಲಗಿವಿಗೆ ಗುಡುಗು ಬಡಿಯಿತು. ಬಾಗಿಲಲ್ಲಿ ನಿಂತಿದ್ದವನು ನಿರ್ಮಾಪಕ. ಅವನು ಮಾತಾಡುವವರ ಮುಖ ನೋಡುವುದಿಲ್ಲ, ಗೋಡೆಯ ಗಡಿಯಾರ ನೋಡುತ್ತಾನೆ. ಅವನ ಹೆಸರೂ ‘ಗಡಿಯಾರ’ ಅಂತಲೇ. “ಒಬ್ಬರ ಜೊತೆ ಎರಡೂವರೆ ನಿಮಿಷ! ಅಲ್ಲೇನು ಸಂಸಾರ ಹೂಡಿದ್ದೀರಾ? ಒಳಗೆ ಕೆಂಪು ಚೀಟಿ ಖಾಲಿ!”

ಆಕೆ ಕೆಂಪು ಚೀಟಿ ಕಳಿಸಿದಳು. ಗ್ಯಾರೇಜಿನವನೊಬ್ಬ ನಿಂತುಕೊಂಡೇ ಸರ್ಕಾರವನ್ನು ಜಾಲಾಡಿದ. ಗಂಟಲು ಖುಷಿಯಾದ.

ಒಂಬತ್ತು ಗಂಟೆಗೆ ಗಂಟಲು ಕಾಫಿ ಲೋಟ ಹಿಡಿದು ಹೊರಬಂದಾಗ ಫೋನಮ್ಮ ಕೇಳಿದಳು: “ಸರ್, ಆ ಮಸೂದೇಲಿ ಕುಟುಂಬ ಅಂದ್ರೆ ಯಾರ್ಯಾರು ಅಂತ ಬರೆದಿದ್ದಾರೆ?”

“ಯಾಕ್ರೀ?”

“ಸುಮ್ನೆ. ತಿಳ್ಕೊಳ್ಳೋಣ ಅಂತ.”

“ಕುಟುಂಬ ಅಂದ್ರೆ ಕುಟುಂಬ ಕಣ್ರೀ. ನಿಮ್ಮನೇಲಿ ಯಾರ್ಯಾರಿದಾರೋ ಅವರು.”

“ನೀವು ಓದಿದ್ರಾ ಸರ್?”

ಗಂಟಲು ಒಂದು ಗುಟುಕು ಕುಡಿದ. “ಓದಿದ್ರೆ ಚರ್ಚೆ ಹೆಂಗೆ ನಡೆಸಲಿ?” ಅಂದ. ಅದು ತಮಾಷೆ ಅಂತ ಅವನು ಅಂದುಕೊಂಡಿದ್ದ. ಗಡಿಯಾರ ನಕ್ಕ. ಫೋನಮ್ಮನಿಗೆ ಮಾತ್ರ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಹತ್ತೊಂಬತ್ತು ವರ್ಷ ತಾನು ಇವನಿಗೆ ಜನರನ್ನು ಪೂರೈಸಿದ್ದು, ಇವನು ಅವರಿಗೆ ಕೊಟ್ಟದ್ದು ಇದೇನಾ ಅನ್ನಿಸಿತು.

ಕುತೂಹಲ ಕೆಟ್ಟದ್ದು. ಒಮ್ಮೆ ಹೊಕ್ಕರೆ ಚಪ್ಪಲಿಯೊಳಗಿನ ಮರಳಿನ ಹಾಗೆ, ನಡೆದಷ್ಟೂ ಚುಚ್ಚುತ್ತದೆ. ಆ ಮಧ್ಯಾಹ್ನ ಆಕೆ ಮೊದಲ ಮಹಡಿಯ ಸುದ್ದಿ ವಿಭಾಗಕ್ಕೆ ಹೋದಳು. ಅಲ್ಲಿ ಮಂತ್ರಿಯ ಭಾಷಣವಿತ್ತು, ಮಸೂದೆ ಇರಲಿಲ್ಲ. ಗ್ರಂಥಾಲಯದಲ್ಲಿ ಹಳೆಯ ಕಾನೂನುಗಳಿದ್ದವು. ಕೊನೆಗೆ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಾಕೆ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದಳು. “ಅರವತ್ತೆಂಟು ಪುಟ ಇದೆ ಮೇಡಂ, ಎಲ್ಲಾ ಬೇಕಾ? ಜನ ಮೊದಲನೇ ಪುಟ ಹೊಡೆಸ್ಕೊಂಡು ಹೋಗ್ತಾರೆ, ಧರಣಿಯಲ್ಲಿ ಸುಡೋಕೆ.”

“ಎಲ್ಲಾ ಹೊಡೀರಿ. ಸುಡೋಕಲ್ಲ, ಓದೋಕೆ.”

ಅಂಗಡಿಯಾಕೆ ಕತ್ತೆತ್ತಿ ಒಮ್ಮೆ ಮುಖ ನೋಡಿದಳು.

ಫೋನಮ್ಮನ ಮನೆಯಲ್ಲಿ ಇರುವುದು ಇಬ್ಬರೇ: ಆಕೆ ಮತ್ತು ಆಕೆಯ ಅತ್ತೆ. ಗಂಡ ತೀರಿಹೋಗಿ ಹನ್ನೊಂದು ವರ್ಷ. ಅತ್ತೆಗೆ ಎಂಬತ್ತಮೂರು, ಕಣ್ಣು ಮಂಜು, ನಾಲಿಗೆ ಚುರುಕು. ಸೊಸೆ ಕೆಲಸ ಮಾಡುವ ಕಾರ್ಯಕ್ರಮವನ್ನು ಒಂದು ದಿನವೂ ತಪ್ಪಿಸುವುದಿಲ್ಲ, ಒಂದು ದಿನವೂ ಹೊಗಳುವುದಿಲ್ಲ. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಹಾಳೆಗಳ ರಾಶಿ ಹರವಿಕೊಂಡು ಕೂತ ಸೊಸೆಯನ್ನು ನೋಡಿ, “ಏನದು, ಪರೀಕ್ಷೆಗೆ ಕಟ್ಟಿದ್ದೀಯಾ?” ಅಂದಳು.

“ಮಸೂದೆ, ಅತ್ತೆ. ನೀವು ದಿನಾ ಬೈತೀರಲ್ಲ, ಅದೇ.”

“ನಾನೆಲ್ಲಿ ಬೈದೆ? ನಾನು ಬೈದಿದ್ದು ಆ ಕಿರುಚೋನನ್ನ. ಓದು ಜೋರಾಗಿ.”

ಮಸೂದೆಯ ಕನ್ನಡ ಅಂದರೆ, ಬರೆದವನೂ ಓದಿರಲಾರ ಅನ್ನಿಸುವಂಥದ್ದು. ಒಂದು ವಾಕ್ಯ ಒಂದು ಪುಟ; ನಡುವೆ ‘ಪರಂತು’, ‘ಮತ್ತು ಪರಂತು’. ಪೆನ್ಸಿಲು ಹಿಡಿದು ಫೋನಮ್ಮ ಸಾಲು ಸಾಲಾಗಿ ಇಳಿದಳು. ಹದಿನೇಳನೇ ಕಲಮು ಸಿಕ್ಕಿತು: ಪೂರ್ಣ ಅರಿವಳಿಕೆ ಕೊಟ್ಟು ಮಾಡುವ ಯಾವುದೇ ಶಸ್ತ್ರಚಿಕಿತ್ಸೆಗೂ ರೋಗಿಯ ಸಹಿಯ ಜೊತೆಗೆ ‘ಕುಟುಂಬದ ಸದಸ್ಯ’ರೊಬ್ಬರ ಸಹಿ ಕಡ್ಡಾಯ. ಕುಟುಂಬದ ಸದಸ್ಯ ಅಂದರೆ ಯಾರು? ಹಿಂದಕ್ಕೆ ಮಗುಚಿ, ಎರಡನೇ ಕಲಮಿನ ಆರನೇ ಉಪಕಲಮಿಗೆ ಬಂದಳು.

“ಪತಿ, ಪತ್ನಿ, ತಂದೆ, ತಾಯಿ, ಮಗ, ಮಗಳು, ಸಹೋದರ, ಸಹೋದರಿ” ಎಂದು ಓದಿ ನಿಲ್ಲಿಸಿದಳು.

“ಮುಂದೆ?”

“ಅಷ್ಟೇ. ಚುಕ್ಕಿ ಇಟ್ಟುಬಿಟ್ಟಿದ್ದಾರೆ.”

ಅತ್ತೆ ಬೆರಳು ಮಡಚಿ ಎಣಿಸಿದಳು. ಎಂಟು ಆಯಿತು. ಮತ್ತೊಮ್ಮೆ ಎಣಿಸಿದಳು. “ಅತ್ತೆ?”

“ಇಲ್ಲ.”

“ಸೊಸೆ?”

“ಇಲ್ಲ ಅತ್ತೆ.”

“ಹಾಗಾದ್ರೆ ಹನ್ನೊಂದು ವರ್ಷದಿಂದ ನನಗೆ ಮಾತ್ರೆ ಕೊಡ್ತಿರೋಳು ಯಾರು? ಬಾಡಿಗೆಯೋಳಾ?” ಮುದುಕಿ ಸಿಟ್ಟಿನಿಂದ ಕುರ್ಚಿಯ ಕೈ ಬಡಿದಳು. “ನಾಳೆ ನನ್ನ ಸೊಂಟ ಮುರಿದ್ರೆ ಸಹಿ ಹಾಕೋರು ಯಾರೇ?”

ಇಸ್ತ್ರಿ ಅಂಗಡಿಯಾಕೆಯ ಪ್ರಶ್ನೆಯನ್ನು ಹುಡುಕಿಕೊಂಡು ಹೋದವಳಿಗೆ ತನ್ನ ಮನೆಯ ಬಾಗಿಲಲ್ಲೇ ಅದು ನಿಂತಿರುವುದು ಕಂಡಿತ್ತು. ನಾವು ಅಮ್ಮನ ತಂಗಿಗೊಂದು ಹೆಸರು, ಅಪ್ಪನ ತಂಗಿಗೊಂದು ಹೆಸರು, ಗಂಡನ ಅಣ್ಣನ ಹೆಂಡತಿಗೂ ಒಂದು ಹೆಸರು ಇಟ್ಟುಕೊಂಡು ಬಂದ ಜನ. ಒಂದು ಮದುವೆಯಲ್ಲಿ ಇಪ್ಪತ್ತು ಬಗೆಯ ಸಂಬಂಧ ಹುಟ್ಟಿಸಬಲ್ಲೆವು. ಆ ಇಪ್ಪತ್ತನ್ನೂ ಒಬ್ಬ ಅಧಿಕಾರಿ ಊಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಎಂಟಕ್ಕಿಳಿಸಿದ್ದ. ಅದನ್ನು ಅರವತ್ತೆಂಟು ಪುಟದೊಳಗೆ ಹುಗಿದಿಟ್ಟು ಮೇಲೆ ‘ಸುರಕ್ಷತೆ’ ಅಂತ ಹೆಸರು ಬರೆದಿದ್ದರು.

ಬುಧವಾರ ಇಸ್ತ್ರಿ ಅಂಗಡಿಯಾಕೆ ಫೋನು ಮಾಡಿದಾಗ ಫೋನಮ್ಮ ಹೇಳಿದಳು: “ಓದಿದೆ. ಆ ಪಟ್ಟಿಯಲ್ಲಿ ಓರಗಿತ್ತಿ ಇಲ್ಲ.”

ಆಚೆ ಕಡೆ ಇಸ್ತ್ರಿ ಪೆಟ್ಟಿಗೆ ಜಾರುವುದು ನಿಂತಿತು. ಹಿಂದಿನಿಂದ ಇನ್ನೊಂದು ಹೆಣ್ಣುದನಿ ಕೇಳಿತು: “ಏನಂತೆ ಅಕ್ಕಾ?” “ಏನಿಲ್ಲ, ನೀನು ಮಡಚು” ಅಂದಳು ಈಕೆ. ಮತ್ತೆ ಫೋನಿಗೆ ಬಂದು, ದನಿ ತಗ್ಗಿಸಿ, “ಬೇಕು ಅಂತ ಬಿಟ್ಟಿದ್ದಾರಾ, ಮರೆತು ಬಿಟ್ಟಿದ್ದಾರಾ?” ಎಂದು ಕೇಳಿದಳು.

“ಅದು ಪಟ್ಟಿ ಮಾಡಿದೋರನ್ನೇ ಕೇಳಬೇಕು. ಶುಕ್ರವಾರ ಈ ಮಸೂದೆ ನೋಡ್ತಿರೋ ಸಮಿತಿಯ ಸದಸ್ಯರೊಬ್ಬರು ನಮ್ಮ ಚರ್ಚೆಗೆ ಬರ್ತಾರೆ. ಸೋಮವಾರ ಅವರ ಸಮಿತಿಯ ಕೊನೇ ಸಭೆ. ಆಮೇಲೆ ಒಂದಕ್ಷರ ಬದಲಾಗಲ್ಲ.”

“ಹಾಗಾದ್ರೆ ಶುಕ್ರವಾರ ನನ್ನನ್ನ ಒಳಗೆ ಬಿಡಿ ಅಮ್ಮಾ. ಒಂದೇ ಒಂದು ಮಾತು.”

“ಬಿಡ್ತೀನಿ. ಆದ್ರೆ ಪರವೋ ವಿರೋಧವೋ ಒಂದು ಹೇಳಬೇಕು. ಸುಮ್ನೆ ಬಾಯಿಮಾತಿಗೆ.”

“ಸುಳ್ಳು ಹೇಳಲ್ಲ” ಅಂದಳು ಇಸ್ತ್ರಿ ಅಂಗಡಿಯಾಕೆ. ಅದರಲ್ಲಿ ಹೆಮ್ಮೆ ಇರಲಿಲ್ಲ. ಸುಟ್ಟ ಬಟ್ಟೆಯನ್ನು ಸುಟ್ಟಿದೆ ಅಂತಲೇ ಗಿರಾಕಿಗೆ ಹೇಳುವವಳ ಮಾಮೂಲಿ ದನಿ ಅದು.

ಶುಕ್ರವಾರ ಬಂತು. ಸಮಿತಿ ಸದಸ್ಯರು ಗರಿಗರಿ ಬಟ್ಟೆಯಲ್ಲಿ ಬಂದರು, ಗಂಟಲಿನ ಎದುರು ಕೂತರು. ನಾಲ್ಕೂ ದೀಪ ಹುಚ್ಚೆದ್ದು ಮಿನುಗಿದವು. ಒಂದು ಹಸಿರು, ಒಂದು ಕೆಂಪು. ನಿವೃತ್ತ ಮೇಷ್ಟ್ರೊಬ್ಬರು ಮಸೂದೆಯನ್ನು ಸೂರ್ಯೋದಯಕ್ಕೆ ಹೋಲಿಸಿದರು. ಬಣ್ಣದಂಗಡಿಯವನು ದರೋಡೆಗೆ ಹೋಲಿಸಿದ. ಸದಸ್ಯರು ಇಬ್ಬರಿಗೂ ಒಂದೇ ನಗು ಬೀರಿ, “ಇದು ಸಾಕಷ್ಟು ಚರ್ಚೆಯಾಗಿ ಬಂದಿರುವ ಮಸೂದೆ” ಅಂದರು.

ಎಂಟೂ ಕಾಲಿಗೆ ನಾಲ್ಕನೇ ಲೈನಿನಲ್ಲಿ ‘ಚುಸ್’ ಅಂದಿತು. “ಸ್ವಲ್ಪ ಇರಿ” ಎಂದು ಫೋನಮ್ಮ ಚೀಟಿ ಎಳೆದುಕೊಂಡಳು. ಪರವೋ ವಿರೋಧವೋ ಎಂಬ ಜಾಗ ಖಾಲಿ. ಮುಂದಿನ ಸರದಿ ಹಸಿರು. ಬಾಗಿಲಲ್ಲಿ ಗಡಿಯಾರ. ಆರು ವರ್ಷದಲ್ಲಿ ಮೊದಲ ಸಲ ಆಕೆ ತಾನೇ, ತನ್ನ ಕೈಯಾರೆ, ಆ ಜಾಗದಲ್ಲಿ ‘ಪರ’ ಅಂತ ಬರೆದು, ಚೀಟಿ ಒಳಗೆ ತೂರಿಸಿದಳು.

“ಈಗ ಮಸೂದೆಯನ್ನು ಸ್ವಾಗತಿಸುತ್ತಿರುವ ಒಬ್ಬ ಶ್ರಮಜೀವಿ ಮಹಿಳೆ ನಮ್ಮ ಜೊತೆಗಿದ್ದಾರೆ!” ಗಂಟಲು ಮೊಳಗಿದ. “ಹೇಳಿ ತಾಯಿ, ಯಾಕೆ ಸ್ವಾಗತಿಸ್ತೀರಿ?”

“ನಾನು ಸ್ವಾಗತಿಸಲಿಲ್ಲವಲ್ಲಾ” ಅಂದಳು ಇಸ್ತ್ರಿ ಅಂಗಡಿಯಾಕೆ.

“ಓಹೋ, ವಿರೋಧಿಸ್ತೀರಾ?”

“ಅದೂ ಇಲ್ಲ.”

“ಮತ್ತೆ ಫೋನ್ಯಾಕೆ ಮಾಡಿದ್ರಿ ತಾಯಿ?”

“ಪರವೋ ವಿರೋಧವೋ ಒಂದು ಹೇಳಿ ಅಂದಿದ್ರು ನಿಮ್ಮ ಫೋನಿನೋರು. ನಾನು ಹೇಳಲ್ಲ ಅಂದೆ. ಅವರೇ ಬರ್ಕೊಂಡಿರಬೇಕು, ಪಾಪ.”

ಇಡೀ ದೇಶ ಅದನ್ನು ಕೇಳಿತು. ಕಟಿಂಗ್ ಶಾಪಿನಲ್ಲಿ ಕತ್ತರಿ ನಿಂತಿರಬೇಕು. ಗಂಟಲು ಒಂದು ಕ್ಷಣ ಬಾಯಿ ತೆರೆದು, ಗುಂಡಿ ಒತ್ತಿ ಆಕೆಯನ್ನು ಹೊರಹಾಕಿ, “ಏನೋ ತಾಂತ್ರಿಕ ತೊಂದರೆ, ಮುಂದಿನ ಕರೆ!” ಅಂದ. ಗಡಿಯಾರ ಮೊದಲ ಬಾರಿ ಗಡಿಯಾರ ಬಿಟ್ಟು ಮನುಷ್ಯರ ಮುಖ ನೋಡಿದ. “ಏನ್ರೀ ಮಾಡಿದ್ರಿ? ಏನ್ರೀ ಇದು?”

ಫೋನಮ್ಮನ ಕಿವಿ ಕೆಂಪಾಗಿತ್ತು. ಸಿಕ್ಕಿಬಿದ್ದ ನಾಚಿಕೆ ಒಂದು ಕಡೆಗಾದರೆ ಅದಕ್ಕಿಂತ ದೊಡ್ಡದಾಗಿ ಇನ್ನೊಂದಿತ್ತು. ಒಬ್ಬಳ ಪ್ರಶ್ನೆಯನ್ನು ಒಳಗೆ ಸಾಗಿಸುವುದಕ್ಕೆ ಅವಳ ಬಾಯಲ್ಲಿ ಸುಳ್ಳು ತುರುಕಿದ್ದಳು. ಬೇರೆಯವರೆಲ್ಲ ಆರು ವರ್ಷದಿಂದ ಬಾಯಿಮಾತಿಗೆ ಅಂದ ‘ಪರ’, ‘ವಿರೋಧ’ಗಳಲ್ಲಿ ಎಷ್ಟು ಹೀಗೆಯೇ ಹುಟ್ಟಿದ್ದವೋ? ಎಷ್ಟು ಜನ ಪ್ರಶ್ನೆ ಹಿಡಿದು ಬಂದು, ತನ್ನ ಮೇಜಿನ ಹತ್ತಿರ ಅದನ್ನು ಬಿಸಾಡಿ, ಒಂದು ಬಣ್ಣ ಹಚ್ಚಿಸಿಕೊಂಡು ಒಳಗೆ ಹೋದರೋ?

ಆಕೆ ಇಸ್ತ್ರಿ ಅಂಗಡಿಯ ನಂಬರು ತಿರುಗಿಸಿದಳು. “ತಪ್ಪು ನಂದು. ಈಗ ಮತ್ತೆ ಬಿಡ್ತೀನಿ. ಪ್ರಶ್ನೆ ಮಾತ್ರ ಕೇಳಿ.” ಒಳಗೆ ತೂರಿಸಿದ ಚೀಟಿಯಲ್ಲಿ, ಪರ ವಿರೋಧದ ಜಾಗದಲ್ಲಿ, ‘ಪ್ರಶ್ನೆ’ ಅಂತ ಬರೆದಿತ್ತು.

ಗಂಟಲು ಚೀಟಿ ನೋಡಿ ಗಾಜಿನಾಚೆಯಿಂದ ತಲೆಯಾಡಿಸಿದ: ಬೇಡ. ಫೋನಮ್ಮ ಉಳಿದ ಮೂರು ಲೈನಿನ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮೂರು ದೀಪ ಮಿನುಗಿದವು, ಯಾರೂ ಎತ್ತಲಿಲ್ಲ. ಸ್ಟುಡಿಯೋದಲ್ಲಿ ಕರೆಯಿಲ್ಲ. ರೇಡಿಯೋದಲ್ಲಿ ಮೌನ ಅಂದರೆ ಗಂಟಲಿನಂಥವನಿಗೆ ಉಸಿರು ಕಟ್ಟಿದ ಹಾಗೆ. ಒಂದು, ಎರಡು, ಮೂರು, ನಾಲ್ಕು ಸೆಕೆಂಡು.

“ಎತ್ರೀ!” ಗಡಿಯಾರ ಕಿರುಚಿದ.

“ಎತ್ತಿದ್ದೀನಲ್ಲ ಸರ್. ನಾಲ್ಕನೇ ಲೈನು.”

ಗಂಟಲು ನಾಲ್ಕನೇ ಗುಂಡಿ ಒತ್ತಿದ.

“ನಮಸ್ಕಾರ ಸಾರ್, ನಾನೇ” ಅಂದಳು ಇಸ್ತ್ರಿ ಅಂಗಡಿಯಾಕೆ. “ನಾನು ಆ ದೊಡ್ಡೋರನ್ನ ಕೇಳಬೇಕು. ಇಪ್ಪತ್ತೇಳು ವರ್ಷ ಒಂದೇ ಮನೇಲಿರೋ ಓರಗಿತ್ತಿಗೆ ಆಪರೇಷನ್ ಆಗಬೇಕು. ಅವಳಿಗೆ ನನ್ನ ಬಿಟ್ರೆ ಯಾರೂ ಇಲ್ಲ. ನಿಮ್ಮ ಕಾನೂನು ಬಂದ ಮೇಲೆ ನಾನು ಸಹಿ ಹಾಕಬಹುದಾ?”

“ಖಂಡಿತ, ಖಂಡಿತ” ಅಂದರು ಸದಸ್ಯರು. “ಕುಟುಂಬದವರು ಯಾರು ಬೇಕಾದರೂ ಹಾಕಬಹುದು.”

“ಆ ಪಟ್ಟಿಯಲ್ಲಿ ನಾನಿಲ್ಲವಂತೆ.”

“ಯಾವ ಪಟ್ಟಿ?”

ಆ ಎರಡು ಮಾತಿನಲ್ಲಿ ಎಲ್ಲ ಹೊರಬಿತ್ತು. ಯಾವ ಪಟ್ಟಿ! ಸಾಕಷ್ಟು ಚರ್ಚೆಯಾದ ಮಸೂದೆಯ ಸಮಿತಿಯಲ್ಲಿ ಕೂತ ಮನುಷ್ಯ, ಸೋಮವಾರ ಅದಕ್ಕೆ ಕೈಯೆತ್ತಲಿರುವ ಮನುಷ್ಯ, ಕೇಳಿದ್ದು ಯಾವ ಪಟ್ಟಿ ಅಂತ.

ಫೋನಮ್ಮ ಎದ್ದಳು. ಪೆನ್ಸಿಲ್ ಗೆರೆ ಎಳೆದ ಅರವತ್ತೆಂಟು ಪುಟಗಳನ್ನು ತೆಗೆದುಕೊಂಡು, ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಿರುವಾಗಲೇ ಸ್ಟುಡಿಯೋದೊಳಕ್ಕೆ ಹೋದಳು. ಹತ್ತೊಂಬತ್ತು ವರ್ಷದಲ್ಲಿ ಆ ದೀಪ ಉರಿಯುವಾಗ ಆ ಹೊಸ್ತಿಲು ದಾಟಿದವಳಲ್ಲ. ಸದಸ್ಯರ ಮುಂದೆ ಹಾಳೆ ಇಟ್ಟು, ಎರಡನೇ ಕಲಮಿನ ಮೇಲೆ ಬೆರಳಿಟ್ಟಳು. ಮಾತಾಡಲಿಲ್ಲ, ತನ್ನ ದನಿ ರೇಡಿಯೋದಲ್ಲಿ ಹೇಗಿರುತ್ತದೋ ಎಂಬ ಅಳುಕು ಆಗಲೂ ಇತ್ತು.

ಸದಸ್ಯರು ಓದಿದರು. ಬಾಯಲ್ಲಿ ಎಂಟು ಎಣಿಸಿದ್ದು ಮೈಕಿಗೂ ಕೇಳಿಸಿತು. “ಇದು... ಅತ್ತೆ ಸೊಸೆ ಕೂಡ ಇಲ್ಲವಲ್ಲ ಇದರಲ್ಲಿ” ಅಂದರು. ಮೊದಲ ಸಲ ಅವರ ದನಿ ಮನೆಯಲ್ಲಿ ಮಾತಾಡುವ ಮನುಷ್ಯನ ಹಾಗಿತ್ತು.

“ಅದಕ್ಕೇ ಕೇಳಿದ್ದು ಸಾರ್. ಬೇಕು ಅಂತ ಬಿಟ್ರಾ, ಮರೆತು ಬಿಟ್ರಾ?”

ಸದಸ್ಯರು ನೀರು ಕುಡಿದರು. “ನನಗೆ ಗೊತ್ತಿಲ್ಲ ತಾಯಿ. ಸೋಮವಾರ ಕೇಳ್ತೀನಿ.”

ಗೊತ್ತಿಲ್ಲ. ಆ ಕಾರ್ಯಕ್ರಮದಲ್ಲಿ ಅಧಿಕಾರದಲ್ಲಿರುವ ಒಬ್ಬ ಆ ಮಾತು ಆಡಿದ್ದು ಅದೇ ಮೊದಲು. ಫೋನಮ್ಮ ಈಚೆ ಬಂದು ಕೂತಾಗ ನಾಲ್ಕೂ ದೀಪ ಒಟ್ಟಿಗೆ ಉರಿಯುತ್ತಿದ್ದವು. ಒಬ್ಬ ಅಳಿಯ, ಮಾವನನ್ನು ನೋಡಿಕೊಳ್ಳುವವನು: ನಾನು ಬರ್ತೀನಾ? ಒಬ್ಬ ಸೋದರಮಾವ: ತಾಯಿ ಇಲ್ಲದ ತಂಗಿ ಮಗಳು ನನ್ನ ಮನೇಲಿದ್ದಾಳೆ, ನಾನು ಬರ್ತೀನಾ? ಹಾಸ್ಟೆಲಿನ ಅಡುಗೆಯಾಕೆ, ನಲವತ್ತು ಮಕ್ಕಳಿಗೆ ದೊಡ್ಡಮ್ಮ. ಸ್ವಲ್ಪ ಮೊದಲು ದರೋಡೆ ಅಂದಿದ್ದ ಬಣ್ಣದಂಗಡಿಯವನೇ ಮತ್ತೆ ಬಂದ: “ಮೇಡಂ, ಮಲತಾಯಿ ತಾಯೀಲಿ ಸೇರ್ತಾಳಾ?” ಯಾರೂ ಕಿರುಚುತ್ತಿರಲಿಲ್ಲ. ತಿಳಿಯಬೇಕು ಅನ್ನುವವನ ದನಿ ತಾನಾಗೇ ತಗ್ಗುತ್ತದೆ ಅಂತ ಆಕೆಯ ಎಡಗಿವಿಗೆ ಅವತ್ತು ಗೊತ್ತಾಯಿತು. ಚೀಟಿ ಹಾಕಲು ಜಾಗವಿಲ್ಲದೆ ಆಕೆ ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ಎರಡು ಟ್ರೇಗಳ ನಡುವೆ ಇಟ್ಟಳು.

ಒಂಬತ್ತು ಗಂಟೆಗೆ ಗಡಿಯಾರ ಆಕೆಯ ಕೈಯಲ್ಲಿ ಕಾಗದ ಇಟ್ಟ: ‘ಶಿಸ್ತು ಉಲ್ಲಂಘನೆಗೆ ಲಿಖಿತ ವಿವರಣೆ ಕೊಡಿ.’ ಫೋನಮ್ಮ ಅಲ್ಲೇ ಬರೆದುಕೊಟ್ಟಳು: ‘ಚೀಟಿಯಲ್ಲಿ ಸುಳ್ಳು ಬರೆದದ್ದು ತಪ್ಪು. ಇನ್ನು ಬರೆಯುವುದಿಲ್ಲ. ಪ್ರಶ್ನೆ ಇರುವವರಿಗೆ ಒಂದು ಟ್ರೇ ಕೊಡಿ.’ ಮೇಲಿನಿಂದ ಯಾವಾಗ ಫೋನು ಬರುತ್ತದೋ ಅಂತ ಗಡಿಯಾರ ವಾರವೆಲ್ಲ ಕಾದ. ಬಂತು. ಆದರೆ ಬೈಗುಳಕ್ಕಲ್ಲ, ಆ ದಿನ ಕೇಳಿದವರ ಸಂಖ್ಯೆ ಅಷ್ಟು ಏರಿದ್ದು ಹೇಗೆ ಅಂತ ವಿಚಾರಿಸಲು. ಟ್ರೇ ಮಾತ್ರ ಇವತ್ತಿಗೂ ಬಂದಿಲ್ಲ. ಡಬ್ಬಿಯ ಮುಚ್ಚಳವೇ ಇದೆ.

ಸಮಿತಿ ಕೊನೆಗೆ ಆ ಉಪಕಲಮಿಗೆ ಒಂದು ಸಾಲು ಸೇರಿಸಿತು: ‘ರೋಗಿಯೊಂದಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲ ಒಂದೇ ಮನೆಯಲ್ಲಿ ವಾಸಿಸುತ್ತಿರುವ, ರೋಗಿಯು ಬರೆದು ಸೂಚಿಸುವ ವ್ಯಕ್ತಿ.’ ಸದಸ್ಯರು ತಮ್ಮ ಮಾನವೀಯ ಕಾಳಜಿಯ ಬಗ್ಗೆ ಮೂರು ಪತ್ರಿಕೆಗಳಿಗೆ ಸಂದರ್ಶನ ಕೊಟ್ಟರು. ಮೂರರಲ್ಲೂ ಇಸ್ತ್ರಿ ಅಂಗಡಿ ಬರಲಿಲ್ಲ. ಅದನ್ನು ಓದಿ ಹೇಳಿದಾಗ ಅತ್ತೆ ತೆಗೆದ ಬೈಗುಳವನ್ನು ಅಚ್ಚು ಹಾಕುವ ಹಾಗಿಲ್ಲ.

ಎರಡು ತಿಂಗಳಲ್ಲಿ ಮಸೂದೆ ಕಾನೂನಾಯಿತು. ಆಮೇಲೆ ಒಂದು ಬೆಳಿಗ್ಗೆ, ಚರ್ಚೆ ಶುರುವಾಗಿ ಹತ್ತು ನಿಮಿಷಕ್ಕೆ, ನಾಲ್ಕನೇ ದೀಪ ಮಿನುಗಿತು. ‘ಚುಸ್’ ಇರಲಿಲ್ಲ. ಉದ್ದನೆಯ ಓಣಿ, ಗಾಲಿಗಳ ಕಿರುಗುಟ್ಟುವಿಕೆ, ಎಲ್ಲೋ ನಲ್ಲಿ ತೊಟ್ಟಿಕ್ಕುವ ಸದ್ದು. ಆಸ್ಪತ್ರೆ. ಉಸಿರು ನಿಂತುಕೊಂಡಿರುವವರದ್ದು.

“ಒಳಗೆ ಕರ್ಕೊಂಡು ಹೋದ್ರು ಅಮ್ಮಾ” ಅಂದಳು ಇಸ್ತ್ರಿ ಅಂಗಡಿಯಾಕೆ.

“ಸಹಿ?”

“ಹಾಕ್ದೆ. ಸಂಬಂಧ ಅಂತ ಒಂದು ಜಾಗ ಇತ್ತು ಕಾಗದದಲ್ಲಿ. ಸುಮ್ನೆ ‘ಸಹೋದರಿ’ ಅಂತ ಗುರುತು ಹಾಕಮ್ಮ, ಯಾರು ಕೇಳ್ತಾರೆ ಅಂದ ಗುಮಾಸ್ತ. ಹಾಕಲಿಲ್ಲ. ಕೆಳಗೆ ಜಾಗ ಮಾಡ್ಕೊಂಡು ‘ಓರಗಿತ್ತಿ’ ಅಂತ ಬರೆದೆ. ಅವನು ನೋಡಿದ, ಮೊಹರು ಒತ್ತಿದ.”

“ಒಳ್ಳೇದಾಯ್ತು. ಈಗ ಏನಾದ್ರೂ ಪ್ರಶ್ನೆ ಇದೆಯಾ?”

“ಇಲ್ಲ. ಏನೂ ಇಲ್ಲ.” ಗಾಲಿಯೊಂದು ಹಾದುಹೋಯಿತು. “ಮೂರು ಗಂಟೆ ಹಿಡಿಯುತ್ತಂತೆ. ಯಾರಿಗೆ ಫೋನ್ ಮಾಡೋದು ಅಂತ ತಿಳೀಲಿಲ್ಲ.”

ಫೋನಮ್ಮ ಚೀಟಿ ಬರೆಯಲಿಲ್ಲ. “ಇಡಬೇಡಿ, ಹಾಗೇ ಇರಿ” ಎಂದು ಲೈನನ್ನು ತೆರೆದೇ ಬಿಟ್ಟಳು. ಉಳಿದ ಮೂರು ಲೈನಿನಲ್ಲಿ ದೇಶ ನಡೆಯಿತು. ಗಡಿಯಾರ ಬಂದು ನಾಲ್ಕನೇ ದೀಪ ನೋಡಿದ, ಚೀಟಿ ಹುಡುಕಿದ, ಆಕೆಯ ಮುಖ ನೋಡಿದ, ಏನೂ ಕೇಳದೆ ಹೋದ. ನಡುನಡುವೆ ಆಕೆ ಗುಂಡಿ ಒತ್ತಿ “ಇದ್ದೀರಾ?” ಅನ್ನುತ್ತಿದ್ದಳು. “ಇದ್ದೀನಿ” ಎಂದು ಅತ್ತಲಿಂದ ಬರುತ್ತಿತ್ತು. ಒಂಬತ್ತಾಯಿತು, ಹತ್ತಾಯಿತು. ಮೊಬೈಲಿನ ಚಾರ್ಜು ಮುಗಿಯಲು ಬಂದು ಅಲ್ಲಿ ನೀರಿನ ಫಿಲ್ಟರಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿಕೊಂಡು ಆಕೆ ನಿಂತಳು. ಇಲ್ಲಿ ಈಕೆ ಖಾಲಿ ಆಫೀಸಿನಲ್ಲಿ ಎಡಗಿವಿ ಮುಚ್ಚಿಕೊಂಡು ಕೂತಳು.

ಹನ್ನೊಂದು ದಾಟಿದ ಮೇಲೆ ಬಾಗಿಲೊಂದು ತೆರೆದ ಸದ್ದಾಯಿತು. ಗಾಲಿಗಳು ಹತ್ತಿರ ಬಂದವು. ಇಸ್ತ್ರಿ ಅಂಗಡಿಯಾಕೆ ಫೋನನ್ನು ಪ್ಲಗ್ಗಿನಲ್ಲೇ ಮರೆತು ಓಡಿದಳು. ಯಾರೋ “ಎಚ್ಚರ ಆಗಿದೆ, ಮಾತಾಡಿಸಿ” ಅಂದರು. ಆಮೇಲೆ, ದೂರದಿಂದ, ಮಂಪರಿನಲ್ಲಿ ತೊದಲುವ ಒಂದು ದನಿ:

“ಅಕ್ಕಾ... ಇಸ್ತ್ರಿ ಪೆಟ್ಟಿಗೆ ಆರಿಸಿ ಬಂದ್ಯಾ?”

“ಆರಿಸಿದ್ದೀನಿ ಕಣೇ, ಸುಮ್ನಿರು” ಅಂತ ಉತ್ತರ ಬಂತು, ಅಳುವೋ ನಗುವೋ ಎಡಗಿವಿಗೂ ತಿಳಿಯದ ದನಿಯಲ್ಲಿ.

ಫೋನಮ್ಮ ಮೆಲ್ಲಗೆ ಗುಂಡಿ ಒತ್ತಿದಳು. ನಾಲ್ಕನೇ ದೀಪ ಆರಿತು.